ಟ್ರಾಂಬೆಯ ಶಿಲ್ಪಿ ಡಾ. ಹೋಮಿ ಭಾಭಾ

ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಹೊರ್ಮಸ್‌ಜಿ ಭಾಭಾ ಎಂಬ ಪಾರ್ಸಿ ವಿದ್ವಾಂಸರೊಬ್ಬರು ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಇಡೀ ಸಂಸ್ಥಾನದ ಶಾಲೆಗಳ ಹೊಣೆ ಹೊತ್ತ ಹುದ್ದೆ ಅದು. ಅವರ ಮಗ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡ್‌ನಲ್ಲಿ ಓದಿ, ವಕೀಲರಾಗಿ ಮುಂಬಯಿಯಲ್ಲಿ ನೆಲೆಸಿದರು. ಆ ಜಹಾಂಗೀರರ ಮನೆಯಲ್ಲಿ 1909ರ ಅಕ್ಟೋಬರ್ 30ರಂದು ಹುಟ್ಟಿದ ಮಗುವೇ ಹೋಮಿ. ಮುಂದೆ ಭಾರತದ ಅಣುವಿಜ್ಞಾನಕ್ಕೆ ತಳಪಾಯ ಹಾಕಿದ ಡಾ. ಹೋಮಿ ಜಹಾಂಗೀರ್ ಭಾಭಾ.

ಇಂದು ಅವರ ಹೆಸರು ಪಠ್ಯಪುಸ್ತಕಗಳಲ್ಲಿದೆ, ಅಂಚೆಚೀಟಿಗಳ ಮೇಲಿದೆ. ರಸಪ್ರಶ್ನೆ ಸ್ಪರ್ಧೆಗಳಲ್ಲಿ ಭಾರತದ ಅಣುವಿಜ್ಞಾನದ ಪಿತಾಮಹ ಯಾರು ಎಂದರೆ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಆದರೆ ಅವರು ಮಾಡಿದ್ದೇನು, ಹೇಗೆ ಮಾಡಿದರು, ಅದರಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಉನ್ನತ ಶಿಕ್ಷಣದ ಹೊಸ್ತಿಲಲ್ಲಿ ನಿಂತಿರುವ ನಮ್ಮ ವಿದ್ಯಾರ್ಥಿಗಳಿಗೂ, ಅವರಿಗೆ ದಾರಿ ತೋರಬೇಕಾದ ಹಿರಿಯರಿಗೂ ಆ ಉತ್ತರ ಬೇಕು.

ತಂದೆಯ ಆಸೆ, ಮಗನ ಹಾದಿ

ಭಾಭಾ ಮನೆತನ ಅನುಕೂಲಸ್ಥರದು. ಹೋಮಿಯ ಸೋದರತ್ತೆ ಮೆಹರ್‌ಬಾಯಿ ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಮನೆಯಲ್ಲಿ ಅಜ್ಜ ಮತ್ತು ತಂದೆ ಕೂಡಿಟ್ಟ ಪುಸ್ತಕಗಳ ದೊಡ್ಡ ಸಂಗ್ರಹವಿತ್ತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗ್ರಾಮಫೋನ್ ತಟ್ಟೆಗಳಿದ್ದವು. ಬಾಲಕ ಹೋಮಿ ಓದುತ್ತಾ, ಸಂಗೀತ ಕೇಳುತ್ತಾ, ಚಿತ್ರ ಬಿಡಿಸುತ್ತಾ ಬೆಳೆದರು. ಮುಂಬಯಿಯ ಕೆಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು ಮತ್ತು ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಓದಿ, 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು.

ಹಿರಿಯರ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಗೆ ಸೇರಬೇಕು. ಆದರೆ ಕೇಂಬ್ರಿಜ್ ಆಗ ಭೌತವಿಜ್ಞಾನದ ರಾಜಧಾನಿಯಂತಿತ್ತು. ರುದರ್‌ಫೋರ್ಡ್ ಅವರ ಕ್ಯಾವೆಂಡಿಶ್ ಪ್ರಯೋಗಾಲಯ ಅಲ್ಲಿತ್ತು, ಯುವಕ ಡಿರಾಕ್ ಅಲ್ಲಿದ್ದರು. ಹೋಮಿಯ ಮನಸ್ಸು ಅತ್ತ ವಾಲಿತು. 1928ರಲ್ಲಿ ಅವರು ತಂದೆಗೆ ಪತ್ರ ಬರೆದು, ಎಂಜಿನಿಯರ್ ಕೆಲಸ ತಮ್ಮ ಸ್ವಭಾವಕ್ಕೆ ಒಗ್ಗುವುದಿಲ್ಲ, ಭೌತವಿಜ್ಞಾನವೇ ತಮ್ಮ ಹಾದಿ ಎಂದು ಬಿಚ್ಚಿ ಹೇಳಿದರು. ತಂದೆ ಸಿಟ್ಟಾಗಲಿಲ್ಲ, ಒಂದು ಕರಾರು ಹಾಕಿದರು. ಮೊದಲು ಎಂಜಿನಿಯರಿಂಗ್ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸು, ಆಮೇಲೆ ಗಣಿತ ಓದಲು ಖರ್ಚು ಕೊಡುತ್ತೇನೆ ಎಂದರು. 1930ರಲ್ಲಿ ಹೋಮಿ ಮೊದಲನೆಯದನ್ನೂ, 1932ರಲ್ಲಿ ಗಣಿತವನ್ನೂ ಪ್ರಥಮ ದರ್ಜೆಯಲ್ಲೇ ಮುಗಿಸಿದರು. ಒಲ್ಲದ ಮನಸ್ಸಿನಿಂದ ಕಲಿತ ಎಂಜಿನಿಯರಿಂಗ್ ಮುಂದೆ ರಿಯಾಕ್ಟರ್ ಕಟ್ಟುವಾಗ ಕೈಹಿಡಿಯಿತು ಎಂಬುದು ಬೇರೆ ಮಾತು.

1935ರಲ್ಲಿ ಡಾಕ್ಟರೇಟ್ ಬಂತು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಒಂದಕ್ಕೊಂದು ಎದುರಾದಾಗ ಹೇಗೆ ಚದುರುತ್ತವೆ ಎಂಬ ಅವರ ಲೆಕ್ಕ ಇಂದಿಗೂ ಭಾಭಾ ಚದುರಿಕೆ ಎಂಬ ಹೆಸರಿನಲ್ಲೇ ಬಳಕೆಯಲ್ಲಿದೆ. ಆಕಾಶದಿಂದ ಬರುವ ವಿಶ್ವಕಿರಣದ ಒಂದೇ ಕಣ ವಾತಾವರಣವನ್ನು ಹೊಕ್ಕು ಸಾವಿರಾರು ಕಣಗಳ ಮಳೆಯಾಗುವುದು ಹೇಗೆ ಎಂಬುದನ್ನು 1937ರಲ್ಲಿ ಅವರು ಜರ್ಮನ್ ವಿಜ್ಞಾನಿ ಹೈಟ್ಲರ್ ಜೊತೆಗೂಡಿ ವಿವರಿಸಿದರು. ಮೂವತ್ತು ತುಂಬುವ ಮೊದಲೇ ಜಗತ್ತಿನ ಭೌತವಿಜ್ಞಾನಿಗಳ ಸಾಲಿನಲ್ಲಿ ಅವರಿಗೆ ಸ್ಥಾನ ಸಿಕ್ಕಿತ್ತು.

ಬೆಂಗಳೂರಿನ ಆರು ವರ್ಷ

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡಿಗೆ ಮರಳುವ ದಾರಿ ಮುಚ್ಚಿತು. ಆಗ ಅವರಿಗೆ ಆಸರೆಯಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ. ಸರ್ ಸಿ. ವಿ. ರಾಮನ್ ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ಭಾಭಾ ರೀಡರ್ ಆಗಿ ಸೇರಿ, ಟಾಟಾ ಟ್ರಸ್ಟಿನ ನೆರವಿನಿಂದ ವಿಶ್ವಕಿರಣ ಸಂಶೋಧನೆಯ ಒಂದು ಚಿಕ್ಕ ಘಟಕ ತೆರೆದರು. ವಿಕ್ರಮ್ ಸಾರಾಭಾಯಿ ಆಗ ಅಲ್ಲೇ ಸಂಶೋಧನೆ ಮಾಡುತ್ತಿದ್ದರು. ಮುಂದೆ ಜಗದ್ವಿಖ್ಯಾತ ಗಣಿತಜ್ಞರಾದ ಹರೀಶ್‌ಚಂದ್ರ ಅಲ್ಲಿ ಭಾಭಾ ಅವರ ಕೈಕೆಳಗೆ ದುಡಿದರು. 1941ರಲ್ಲಿ ಭಾಭಾ ರಾಯಲ್ ಸೊಸೈಟಿಯ ಫೆಲೋ ಆದರು. ಆಗ ಅವರಿಗೆ 31 ವರ್ಷ.

ಬೆಂಗಳೂರಿಗೆ ಬರುವಾಗ ಯುದ್ಧ ಮುಗಿದ ತಕ್ಷಣ ವಾಪಸಾಗುವ ಯೋಚನೆ ಅವರಿಗಿತ್ತು. ಅಲ್ಲಿದ್ದ ವರ್ಷಗಳಲ್ಲಿ ಅದು ಬದಲಾಯಿತು. ಒಳ್ಳೆಯ ಸಂಸ್ಥೆಯಿಲ್ಲದ ಕಾರಣ ಬುದ್ಧಿವಂತ ಹುಡುಗರು ಹೊರದೇಶಕ್ಕೆ ಹೋಗುವುದಾದರೆ, ಅವರನ್ನು ದೂರಿ ಪ್ರಯೋಜನವಿಲ್ಲ, ಸಂಸ್ಥೆಯನ್ನೇ ಇಲ್ಲಿ ಕಟ್ಟಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು.

1944ರ ಮಾರ್ಚ್ 12ರಂದು ಅವರು ದೊರಾಬ್‌ಜಿ ಟಾಟಾ ಟ್ರಸ್ಟಿನ ಅಧ್ಯಕ್ಷ ಸರ್ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಪತ್ರ ಬರೆದು, ಮೂಲಭೂತ ಭೌತವಿಜ್ಞಾನಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಬೇಕೆಂದು ಕೇಳಿದರು. ಇನ್ನು ಒಂದೆರಡು ದಶಕಗಳಲ್ಲಿ ಅಣುಶಕ್ತಿಯಿಂದ ವಿದ್ಯುತ್ ತಯಾರಾಗುವ ಕಾಲ ಬಂದಾಗ ಭಾರತ ಪರಿಣತರಿಗಾಗಿ ಹೊರದೇಶದ ಕಡೆ ನೋಡಬೇಕಾಗದು, ಅವರು ಇಲ್ಲೇ ಸಿದ್ಧರಾಗಿರುತ್ತಾರೆ ಎಂಬ ಮಾತೂ ಅದರಲ್ಲಿತ್ತು. ಹಿರೋಷಿಮಾದ ಮೇಲೆ ಬಾಂಬ್ ಬೀಳಲು ಆಗ ಇನ್ನೂ 17 ತಿಂಗಳು ಬಾಕಿಯಿತ್ತು. ದೇಶಕ್ಕೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ವಿದ್ಯುತ್ ಸ್ಥಾವರಕ್ಕಿಂತ ಮೊದಲು ಅದನ್ನು ನಡೆಸಬಲ್ಲ ಜನರನ್ನು ತಯಾರು ಮಾಡಬೇಕೆಂಬ ಕ್ರಮ ಗಮನಾರ್ಹ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಬೆಂಗಳೂರಿನಲ್ಲೇ ಕೆಲಸ ಆರಂಭಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂಬಯಿಯ ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಎಂಬ ಬಂಗಲೆಗೆ ಹೋಯಿತು. ಅದು ಭಾಭಾ ಅವರ ಅತ್ತೆಯ ಮನೆ. ದೇಶದ ಅಣುವಿಜ್ಞಾನದ ಮೊದಲ ಪಾಠಗಳು ಹೀಗೆ ಒಂದು ಮನೆಯ ಕೋಣೆಗಳಲ್ಲಿ ನಡೆದವು.

ಟ್ರಾಂಬೆ ಎದ್ದು ನಿಂತದ್ದು

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಆಗಸ್ಟ್‌ನಲ್ಲಿ ಅಣುಶಕ್ತಿ ಆಯೋಗ ರಚನೆಯಾಯಿತು. ಭಾಭಾ ಅಧ್ಯಕ್ಷರು, ಕೆ. ಎಸ್. ಕೃಷ್ಣನ್ ಮತ್ತು ಶಾಂತಿಸ್ವರೂಪ್ ಭಟ್ನಾಗರ್ ಸದಸ್ಯರು. 1954ರ ಆಗಸ್ಟ್ 3ರಂದು ಅಣುಶಕ್ತಿ ಇಲಾಖೆ ನೇರವಾಗಿ ಪ್ರಧಾನಿಯ ಕೈಕೆಳಗೆ ಬಂತು. ಕಡತಗಳು ಮೇಜಿನಿಂದ ಮೇಜಿಗೆ ತೆವಳದೆ ಕೆಲಸ ಸಾಗಬೇಕೆಂಬುದು ಇದರ ಉದ್ದೇಶ. ಪ್ರಧಾನಿ ನೆಹರೂ ಮತ್ತು ಭಾಭಾ ಅವರ ನಡುವಿನ ವಿಶ್ವಾಸ ಇದಕ್ಕೆ ಬೆಂಬಲವಾಗಿತ್ತು.

ಮುಂಬಯಿಯ ಹೊರವಲಯದಲ್ಲಿ ಬೆಟ್ಟ ಮತ್ತು ಸಮುದ್ರದ ನಡುವಿದ್ದ ಟ್ರಾಂಬೆಯಲ್ಲಿ ಸರ್ಕಾರಿ ಪ್ರಯೋಗಾಲಯಕ್ಕೆ ಜಾಗ ಗೊತ್ತಾಯಿತು. ಅಲ್ಲಿ ಮೊದಲು ಎದ್ದದ್ದು ಅಪ್ಸರಾ ರಿಯಾಕ್ಟರ್. ಯುರೇನಿಯಂ ಪರಮಾಣುವಿನ ಬೀಜಕ್ಕೆ ನ್ಯೂಟ್ರಾನ್ ಬಡಿದರೆ ಅದು ಇಬ್ಭಾಗವಾಗಿ ಶಾಖ ಹೊರಬರುತ್ತದೆ, ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳೂ ಹಾರುತ್ತವೆ. ಅವು ಮತ್ತೆ ಬೇರೆ ಪರಮಾಣುಗಳನ್ನು ಒಡೆಯುತ್ತವೆ. ಈ ಸರಪಳಿಯನ್ನು ಹತೋಟಿಯಲ್ಲಿಟ್ಟು ನಡೆಸುವ ಯಂತ್ರವೇ ರಿಯಾಕ್ಟರ್. ಅಪ್ಸರಾದಲ್ಲಿ ಇಂಧನವನ್ನು ನೀರು ತುಂಬಿದ ಕೊಳದೊಳಗೆ ಇಳಿಬಿಡಲಾಗಿತ್ತು. ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದು, ಶಾಖ ಹೀರುವುದು, ವಿಕಿರಣವನ್ನು ತಡೆಯುವುದು ಮೂರೂ ಆ ನೀರಿನದೇ ಕೆಲಸ. ಇಂಧನ ಬ್ರಿಟನ್ನಿನಿಂದ ಬಂತು. ವಿನ್ಯಾಸ, ನಿರ್ಮಾಣ, ನಿಯಂತ್ರಣ ವ್ಯವಸ್ಥೆ ಎಲ್ಲವೂ ಇಲ್ಲಿಯದು. ಒಂದು ವರ್ಷದಿಂದ ತುಸು ಹೆಚ್ಚು ಕಾಲದಲ್ಲಿ ಕೆಲಸ ಮುಗಿಸಿ, 1956ರ ಆಗಸ್ಟ್ 4ರ ಮಧ್ಯಾಹ್ನ ಅದನ್ನು ಚಾಲೂ ಮಾಡಲಾಯಿತು. 1 ಮೆಗಾವ್ಯಾಟ್ ಸಾಮರ್ಥ್ಯದ ಪುಟ್ಟ ರಿಯಾಕ್ಟರ್ ಅದು. ನೀರಿನೊಳಗೆ ಹೊಳೆಯುವ ನೀಲಿ ಬೆಳಕನ್ನು ನೋಡಿ ನೆಹರೂ ಅದಕ್ಕೆ ಅಪ್ಸರಾ ಎಂದು ಹೆಸರಿಟ್ಟರು. 1957ರ ಜನವರಿ 20ರಂದು ಅವರೇ ಟ್ರಾಂಬೆ ಸಂಸ್ಥೆಯನ್ನು ವಿಧಿವತ್ತಾಗಿ ಉದ್ಘಾಟಿಸಿದರು.

1960ರಲ್ಲಿ ಕೆನಡಾದ ಸಹಕಾರದಿಂದ 40 ಮೆಗಾವ್ಯಾಟ್‌ನ ಸೈರಸ್ ರಿಯಾಕ್ಟರ್ ಬಂತು. ಅದಕ್ಕೆ ಮೊದಲ ಸಲ ತುಂಬಿದ ಇಂಧನದಲ್ಲಿ ಅರ್ಧದಷ್ಟನ್ನು ಟ್ರಾಂಬೆಯಲ್ಲೇ ತಯಾರಿಸಲಾಯಿತು. 1961ರ ಆರಂಭದಲ್ಲಿ ಜರ್ಲೀನಾ ಎಂಬ ಪ್ರಯೋಗ ರಿಯಾಕ್ಟರ್ ಬಂತು. ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಘಟಕವನ್ನು ಹೋಮಿ ಸೇಠ್ನಾ ಅವರ ಮುಂದಾಳತ್ವದಲ್ಲಿ ಭಾರತೀಯ ಎಂಜಿನಿಯರುಗಳೇ ಕಟ್ಟಿದರು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಅದನ್ನು ಉದ್ಘಾಟಿಸಿದರು.

ಕಟ್ಟಡ, ಯಂತ್ರಗಳಷ್ಟೇ ಪ್ರಯೋಗಾಲಯವಲ್ಲ ಎಂಬುದು ಭಾಭಾ ಅವರಿಗೆ ಗೊತ್ತಿತ್ತು. 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆ ಶುರುವಾಯಿತು. ದೇಶದ ಎಲ್ಲ ವಿಶ್ವವಿದ್ಯಾಲಯಗಳಿಂದ ಹೊಸ ಪದವೀಧರರನ್ನು ಆರಿಸಿ, ಒಂದು ವರ್ಷ ಭತ್ಯೆ ಕೊಟ್ಟು ಕಲಿಸಿ, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ಅದು. ಭೌತವಿಜ್ಞಾನ ಓದಿದವನಿಗೆ ಎಂಜಿನಿಯರಿಂಗ್, ಎಂಜಿನಿಯರಿಂಗ್ ಓದಿದವನಿಗೆ ಅಣುಭೌತವಿಜ್ಞಾನ ಕಲಿಸಲಾಗುತ್ತಿತ್ತು. ಭಾರತದ ಅಣುಶಕ್ತಿ ಸಂಸ್ಥೆಗಳನ್ನು ಮುಂದೆ ನಡೆಸಿದವರಲ್ಲಿ ಬಹುಪಾಲು ಜನ ಈ ಶಾಲೆಯಿಂದ ಹೊರಬಂದವರು.

ಕನ್ನಡ ನಾಡಿನ ಮಕ್ಕಳೂ ಭಾಭಾ ಅವರ ಗರಡಿಯಲ್ಲಿ ಪಳಗಿದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1949ರಲ್ಲಿ ಟಾಟಾ ಸಂಸ್ಥೆ ಸೇರಿ, ಮುಂದೆ ಟ್ರಾಂಬೆ ಕೇಂದ್ರದ ನಿರ್ದೇಶಕರಾದರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1948ರಲ್ಲಿ ಸೇರಿದರು. ಭೂಮಿಯ ಆಳಕ್ಕೆ ವಿಶ್ವಕಿರಣಗಳು ಎಷ್ಟು ಇಳಿಯುತ್ತವೆ ಎಂದು ಅಳೆಯಲು ಅವರು ಕೋಲಾರದ ಚಿನ್ನದ ಗಣಿಗೆ ಇಳಿದರು. ಅದೇ ಗಣಿಯ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಸಿಕ್ಕಿತು. ಅದೇ ವರ್ಷ ಗೌರಿಬಿದನೂರಿನಲ್ಲಿ ಭೂಕಂಪನ ಅಳೆಯುವ ಕೇಂದ್ರ ಸ್ಥಾಪನೆಯಾಯಿತು. ದೂರದ ದೇಶಗಳಲ್ಲಿ ನಡೆಯುವ ಭೂಗರ್ಭ ಅಣುಸ್ಫೋಟಗಳನ್ನೂ ಅಲ್ಲಿ ಕುಳಿತು ಗುರುತಿಸಬಹುದಿತ್ತು.

ಮೂರು ಮೆಟ್ಟಿಲುಗಳು

ಭಾಭಾ ಅವರ ದೊಡ್ಡ ಯೋಚನೆ ಹುಟ್ಟಿದ್ದು ಕಡಲ ಮರಳಿನಿಂದ. ಕೇರಳದ ಕರಾವಳಿಯ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ, ಅದರಲ್ಲಿ ಥೋರಿಯಂ ಇದೆ. ಭಾರತದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಧಾರಾಳ. ಆದರೆ ಥೋರಿಯಂ ಒದ್ದೆ ಸೌದೆಯ ಹಾಗೆ. ತಾನಾಗಿ ಹತ್ತಿಕೊಳ್ಳುವುದಿಲ್ಲ, ಪಕ್ಕದಲ್ಲಿ ಬೆಂಕಿಯಿದ್ದರೆ ಒಣಗಿ ಇಂಧನವಾಗುತ್ತದೆ.

ಆದ್ದರಿಂದ 1954ರಲ್ಲಿ ಅವರು ಮೂರು ಹಂತದ ಯೋಜನೆಯನ್ನು ಮುಂದಿಟ್ಟರು. ಮೊದಲ ಹಂತದಲ್ಲಿ ಸಹಜ ಯುರೇನಿಯಂ ಉರಿಸಿ ವಿದ್ಯುತ್ ಪಡೆಯುವುದು. ಸಹಜ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಭಾಗ ಶೇಕಡಾ 0.7 ಮಾತ್ರ. ಉಳಿದದ್ದರಲ್ಲಿ ಸ್ವಲ್ಪ ಭಾಗ ರಿಯಾಕ್ಟರ್‌ನೊಳಗೆ ಪ್ಲುಟೋನಿಯಂ ಆಗುತ್ತದೆ. ಎರಡನೇ ಹಂತದಲ್ಲಿ ಆ ಪ್ಲುಟೋನಿಯಂ ಅನ್ನು ವೇಗದ ರಿಯಾಕ್ಟರ್‌ನಲ್ಲಿ ಬಳಸುವುದು. ಇದು ತಾನು ಉರಿಸಿದ್ದಕ್ಕಿಂತ ಹೆಚ್ಚು ಇಂಧನವನ್ನು ಹುಟ್ಟಿಸಬಲ್ಲದು. ಮೂರನೇ ಹಂತದಲ್ಲಿ ಥೋರಿಯಂನಿಂದ ಪಡೆದ ಯುರೇನಿಯಂ-233 ಅನ್ನು ಬಳಸುವುದು. ಒಂದು ಹಂತದ ಬೂದಿಯೇ ಮುಂದಿನ ಹಂತದ ಸೌದೆ.

1955ರಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ವಿಶ್ವಸಂಸ್ಥೆ ಜಿನೀವಾದಲ್ಲಿ ನಡೆಸಿದ ಮೊದಲ ಸಮ್ಮೇಳನಕ್ಕೆ ಭಾಭಾ ಅವರೇ ಅಧ್ಯಕ್ಷರು. ಹಿಂದುಳಿದ ದೇಶಗಳ ಬಡತನಕ್ಕೂ ವಿದ್ಯುತ್ತಿನ ಅಭಾವಕ್ಕೂ ಇರುವ ನಂಟನ್ನು ಅವರು ಅಲ್ಲಿ ಜಗತ್ತಿಗೆ ಎತ್ತಿ ತೋರಿಸಿದರು.

ಫಲಿಸದ ಲೆಕ್ಕಗಳು

ಮಹನೀಯರ ಚರಿತ್ರೆ ಬರೆಯುವಾಗ ಹೊಗಳಿಕೆಯಲ್ಲೇ ಮುಗಿಸುವುದು ವಾಡಿಕೆ. ಭಾಭಾ ವಿಜ್ಞಾನಿ. ಲೆಕ್ಕವನ್ನು ತಾಳೆ ನೋಡುವುದೇ ವಿಜ್ಞಾನಿಗೆ ಸಲ್ಲಿಸುವ ಗೌರವ.

ಸೂರ್ಯನೊಳಗೆ ನಡೆಯುವಂಥ ಸಮ್ಮಿಲನ ಕ್ರಿಯೆಯನ್ನು ಎರಡು ದಶಕಗಳಲ್ಲಿ ಪಳಗಿಸಬಹುದೆಂದು ಜಿನೀವಾದಲ್ಲಿ ಅವರು ನುಡಿದಿದ್ದ ಭವಿಷ್ಯ ಏಳು ದಶಕ ಕಳೆದರೂ ಕೈಗೂಡಿಲ್ಲ. 1980ರ ಹೊತ್ತಿಗೆ ದೇಶದಲ್ಲಿ 8,000 ಮೆಗಾವ್ಯಾಟ್ ಅಣುವಿದ್ಯುತ್ ಎಂದು ಐವತ್ತರ ದಶಕದಲ್ಲಿ ಅವರು ಅಂದಾಜು ಮಾಡಿದ್ದರು. 1980ರಲ್ಲಿ ಇದ್ದದ್ದು ಸುಮಾರು 600. ಎಂಟು ಸಾವಿರದ ಗಡಿ ದಾಟಿದ್ದು 2024ರಲ್ಲಿ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಅದರ ಪಾಲು ಆಗಲೂ ಶೇಕಡಾ 3ರಷ್ಟು. ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಎರಡನೇ ಹಂತದ ಮೊದಲ ದೊಡ್ಡ ವೇಗದ ರಿಯಾಕ್ಟರ್‌ನ ಗರ್ಭಭಾಗವನ್ನು (ಕೋರ್) ತುಂಬುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ಭಾಭಾ ಆ ಯೋಜನೆ ಮುಂದಿಟ್ಟು ಆಗ ಎಪ್ಪತ್ತು ವರ್ಷವಾಗಿತ್ತು.

ಇನ್ನೊಂದು ತಕರಾರು ಹೆಚ್ಚು ಗಂಭೀರವಾದದ್ದು. ಕಲ್ಕತ್ತೆಯ ಖ್ಯಾತ ವಿಜ್ಞಾನಿ, ಲೋಕಸಭಾ ಸದಸ್ಯ ಮೇಘನಾದ ಸಹಾ ಅದನ್ನು ಎತ್ತಿದರು. ಸಂಶೋಧನೆಯನ್ನೆಲ್ಲ ಸರ್ಕಾರಿ ಪ್ರಯೋಗಾಲಯಗಳಿಗೆ ಒಯ್ದರೆ ವಿಶ್ವವಿದ್ಯಾಲಯಗಳು ಸೊರಗುತ್ತವೆ, ಗುಟ್ಟಿನ ಗೋಡೆಯೊಳಗೆ ವಿಜ್ಞಾನ ಬೆಳೆಯುವುದಿಲ್ಲ, ಚರ್ಚೆ ಬಯಲಿನಲ್ಲಿ ನಡೆಯಬೇಕು ಎಂಬುದು ಅವರ ವಾದ. ಭಾಭಾ ಅವರ ನಿಲುವು ಬೇರೆ. ವಿಶ್ವವಿದ್ಯಾಲಯಗಳು ಸುಧಾರಿಸುವವರೆಗೆ ಕಾಯುತ್ತಾ ಕೂತರೆ ಒಂದು ತಲೆಮಾರು ಕಳೆದುಹೋಗುತ್ತದೆ, ಸಮರ್ಥ ವ್ಯಕ್ತಿಯನ್ನು ಮೊದಲು ಹುಡುಕಿ ಅವನ ಸುತ್ತ ಸಂಸ್ಥೆಯನ್ನು ಬೆಳೆಸಬೇಕು ಎಂದು ಅವರು ನಂಬಿದ್ದರು. ಟ್ರಾಂಬೆಯ ವೇಗವನ್ನು ನೋಡಿದರೆ ಭಾಭಾ ಸರಿ. ಉಪಕರಣಗಳಿಲ್ಲದೆ, ಅಧ್ಯಾಪಕರಿಲ್ಲದೆ ಬಾಗಿಲು ತೆರೆದುಕೊಂಡಿರುವ ಎಷ್ಟೋ ವಿಜ್ಞಾನ ಕಾಲೇಜುಗಳನ್ನು ನೋಡಿದರೆ ಸಹಾ ಅವರ ಆತಂಕವೂ ಸರಿ. ಕಾಲೇಜುಗಳು ಗಟ್ಟಿಯಾಗದೆ ಟ್ರಾಂಬೆಗೆ ಮಕ್ಕಳು ಎಲ್ಲಿಂದ ಬರಬೇಕು?

ಬಾಂಬಿನ ಪ್ರಶ್ನೆಯೂ ಇದೆ. ಶಾಂತಿಯುತ ಬಳಕೆಗೆಂದು ಬಂದ ಸೈರಸ್‌ನಲ್ಲಿ ಹುಟ್ಟಿದ ಪ್ಲುಟೋನಿಯಂ 1974ರ ಮೇ 18ರ ಪೋಖ್ರಾನ್ ಸ್ಫೋಟದಲ್ಲಿ ಬಳಕೆಯಾಯಿತು. ಅದಕ್ಕೆ ಹತ್ತು ವರ್ಷ ಮೊದಲು, 1964ರ ಅಕ್ಟೋಬರ್‌ನಲ್ಲಿ ಚೀನಾ ಬಾಂಬ್ ಪರೀಕ್ಷೆ ನಡೆಸಿದಾಗ, ಅಂಥದ್ದಕ್ಕೆ ತಗಲುವ ವೆಚ್ಚ ಅಷ್ಟೇನೂ ದೊಡ್ಡದಲ್ಲ ಎಂಬ ಅಂದಾಜನ್ನು ಭಾಭಾ ಆಕಾಶವಾಣಿಯಲ್ಲಿ ನೀಡಿದ್ದರು. ಪೋಖ್ರಾನ್ ನಂತರ ಕೆನಡಾ ತನ್ನ ನೆರವನ್ನು ನಿಲ್ಲಿಸಿತು. ರಾಜಸ್ಥಾನದ ಎರಡನೇ ರಿಯಾಕ್ಟರನ್ನು ನಮ್ಮವರೇ ಮುಗಿಸಬೇಕಾಯಿತು, ಮುಗಿಸಿದರು. ತರಬೇತಿ ಶಾಲೆಯ ಬೆಲೆ ದೇಶಕ್ಕೆ ಆಗ ತಿಳಿಯಿತು.

ನಮ್ಮ ರಾಜ್ಯದ ಕೈಗಾ ಸ್ಥಾವರ ಅದೇ ಬೇರಿನ ಕೊಂಬೆ. ಪಶ್ಚಿಮ ಘಟ್ಟದ ಕಾಡಿನ ನಡುವೆ ಅದು ಬೇಡವೆಂದು ಡಾ. ಶಿವರಾಮ ಕಾರಂತರು ಸೇರಿದಂತೆ ಅನೇಕರು ಹೋರಾಡಿದರು. 1994ರಲ್ಲಿ ನಿರ್ಮಾಣ ಹಂತದಲ್ಲೇ ಗುಮ್ಮಟದ ಒಳಪದರ ಕಳಚಿ ಬಿತ್ತು, ವಿನ್ಯಾಸ ತಿದ್ದಿ ಮತ್ತೆ ಕಟ್ಟಲಾಯಿತು. ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಎರಡೂ ಸಂಗತಿಗಳನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಅಣುವಿಜ್ಞಾನವೆಂದರೆ ಬಾಂಬ್ ಮತ್ತು ವಿದ್ಯುತ್ ಮಾತ್ರವಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಕೋಬಾಲ್ಟ್, ಥೈರಾಯ್ಡ್ ಕಾಯಿಲೆಗೆ ಕೊಡುವ ವಿಕಿರಣಶೀಲ ಅಯೋಡಿನ್ ಮುಂತಾದವು ರಿಯಾಕ್ಟರುಗಳಲ್ಲೇ ತಯಾರಾಗುತ್ತವೆ. ಬೀಜಗಳಿಗೆ ವಿಕಿರಣ ಹಾಯಿಸಿ ಟ್ರಾಂಬೆಯಲ್ಲಿ ಹೊಸ ತಳಿಗಳನ್ನು ಬೆಳೆಸಿದ್ದಾರೆ. ಟಿಎಜಿ-24 ಎಂಬ ಶೇಂಗಾ ತಳಿ ಅಲ್ಲಿಂದ ಬಂದದ್ದು.

ಕೊನೆಯ ಪಯಣ

ಭಾಭಾ ಮದುವೆಯಾಗಲಿಲ್ಲ. ವಿಜ್ಞಾನದ ಜೊತೆಗೆ ಚಿತ್ರಕಲೆ, ಸಂಗೀತ, ಗಿಡಮರಗಳು ಅವರ ಸಂಸಾರ. ಕಟ್ಟಡಕ್ಕಾಗಿ ಮರ ಕಡಿಯುವ ಬದಲು ಅದನ್ನು ಬೇರುಸಹಿತ ಕಿತ್ತು ಬೇರೆಡೆ ನೆಡಿಸುತ್ತಿದ್ದರು. ಕೊಲಾಬಾದ ಕಡಲತೀರದಲ್ಲಿ ಟಾಟಾ ಸಂಸ್ಥೆಯ ಹೊಸ ಕಟ್ಟಡ 1962ರಲ್ಲಿ ಉದ್ಘಾಟನೆಯಾಯಿತು. ಅದರ ಪಡಸಾಲೆಯ ದೊಡ್ಡ ಭಿತ್ತಿಚಿತ್ರವನ್ನು ಬರೆದವರು ಎಂ. ಎಫ್. ಹುಸೇನ್. ದೇಶದ ಅನೇಕ ಯುವ ಕಲಾವಿದರ ಚಿತ್ರಗಳನ್ನು ಕೊಂಡು ಪ್ರಯೋಗಾಲಯದ ಗೋಡೆಗಳಿಗೆ ತೂಗುಹಾಕಿಸಿದರು. ಚೆಲುವಾದ ಜಾಗದಲ್ಲಿ ಮನಸ್ಸು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಅವರ ನಂಬಿಕೆ.

1966ರ ಜನವರಿ 24ರಂದು, ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆಂದು ಅವರು ಹೊರಟಿದ್ದ ಏರ್ ಇಂಡಿಯಾದ ಕಾಂಚನಗಂಗಾ ವಿಮಾನ ಜಿನೀವಾ ಸಮೀಪಿಸುವಾಗ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 117 ಜನರೂ ಮೃತಪಟ್ಟರು. ಭಾಭಾ ಅವರಿಗೆ 56 ವರ್ಷ. ಶಾಸ್ತ್ರಿಯವರು ತೀರಿಕೊಂಡು ಎರಡು ವಾರವೂ ಆಗಿರಲಿಲ್ಲ. ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅದೇ ದಿನ. ಬೆಂಗಳೂರಿನ ದಿನಗಳ ಒಡನಾಡಿ ವಿಕ್ರಮ್ ಸಾರಾಭಾಯಿ ಅಣುಶಕ್ತಿ ಆಯೋಗದ ಹೊಣೆ ಹೊತ್ತರು. 1967ರ ಜನವರಿಯಲ್ಲಿ ಟ್ರಾಂಬೆ ಸಂಸ್ಥೆಗೆ ಭಾಭಾ ಅಣು ಸಂಶೋಧನಾ ಕೇಂದ್ರ ಎಂಬ ಹೆಸರು ಬಂತು.

ಅಪ್ಸರಾ 2009ರಲ್ಲಿ, ಸೈರಸ್ 2010ರ ಕೊನೆಯಲ್ಲಿ ಕೆಲಸ ನಿಲ್ಲಿಸಿದವು. 2018ರಲ್ಲಿ ಅಪ್ಸರಾ ಹೊಸ ರೂಪದಲ್ಲಿ, ಇಮ್ಮಡಿ ಸಾಮರ್ಥ್ಯದೊಂದಿಗೆ ಮತ್ತೆ ಚಾಲೂ ಆಯಿತು. ಅದನ್ನು ಮತ್ತೆ ಕಟ್ಟಬಲ್ಲ ಕೈಗಳನ್ನು ತಯಾರು ಮಾಡಿದ್ದೇ ಭಾಭಾ ಅವರ ನಿಜವಾದ ಆಸ್ತಿ.

ವಿದ್ಯಾರ್ಥಿ ಮಿತ್ರರೇ, ಭಾಭಾ ಶ್ರೀಮಂತರ ಮನೆಯಲ್ಲಿ ಹುಟ್ಟಿದವರು, ಅವರಿಗೆ ಎಲ್ಲವೂ ಸಾಧ್ಯವಾಯಿತು ಎಂದು ನಿಮಗೆ ಅನ್ನಿಸಬಹುದು. ಆ ಮಾತಿನಲ್ಲಿ ಸತ್ಯವಿದೆ. ಟಾಟಾ ಮನೆತನದ ನಂಟು, ಪ್ರಧಾನಿಯ ಸ್ನೇಹ ಎಲ್ಲರಿಗೂ ಸಿಗುವುದಿಲ್ಲ. ಆದರೆ ಅವರು ತೆರೆಸಿದ ತರಬೇತಿ ಶಾಲೆಯ ಬಾಗಿಲಲ್ಲಿ ಯಾರೂ ನಂಟಸ್ತಿಕೆಯನ್ನು ಕೇಳುವುದಿಲ್ಲ. ವಿಜ್ಞಾನದ ಸ್ನಾತಕೋತ್ತರ ಪದವಿ ಅಥವಾ ಎಂಜಿನಿಯರಿಂಗ್ ಪದವಿ, ಒಳ್ಳೆಯ ಅಂಕ, ಪರೀಕ್ಷೆ ಮತ್ತು ಸಂದರ್ಶನ, ಇಷ್ಟೇ ಅಲ್ಲಿನ ಕೀಲಿಕೈ. ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ಆ ಅರ್ಜಿಯನ್ನು ನೋಡಿದ್ದಾರೆ? ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದ ಮಗಳಿಗೆ ಎಷ್ಟು ತಂದೆಯರು, ಜಹಾಂಗೀರ್ ಭಾಭಾ ಅವರಂತೆ, ಚೆನ್ನಾಗಿ ಓದು, ಖರ್ಚು ನನ್ನದು ಎಂದಿದ್ದಾರೆ?

ದೊಡ್ಡ ಪ್ರಯೋಗಾಲಯಗಳನ್ನು ಸರ್ಕಾರ ಕಟ್ಟಬಹುದು. ಅಲ್ಲಿಗೆ ಹೋಗುವ ಮಕ್ಕಳನ್ನು ತಯಾರು ಮಾಡುವ ಕೆಲಸ ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ, ಊರಿನ ಗ್ರಂಥಾಲಯದಲ್ಲಿ, ಮನೆಯ ಊಟದ ಹೊತ್ತಿನ ಮಾತುಕತೆಯಲ್ಲಿ ನಡೆಯಬೇಕು. ಆ ಕೆಲಸಕ್ಕೆ ನಮ್ಮಂಥ ಶಿಕ್ಷಣ ಸಂಸ್ಥೆಗಳೇ ಬೇಕು.